ಕಂಬದ ತುದಿಯ ರಾಟೆ

"ಆಳು ಕರೆಸಿ ಅಂದ್ರೆ ಕೇಳಲ್ಲ. ಸಂಜೆ ಅಮ್ಮ ಬರೋದ್ರೊಳಗೆ ಹಾಯಿ ಮೇಲೇರಿರಬೇಕು. ಇಲ್ಲಾಂದ್ರೆ ದೋಣಿ ಮಾರಿಬಿಡಿ, ಅಷ್ಟೇ!"

ಹೆಂಡತಿಯ ತೀರ್ಪನ್ನು ಕನ್ನಡಕದಂಗಡಿಯವನು ತಲೆತಗ್ಗಿಸಿ ಕೇಳಿಸಿಕೊಂಡ. ತಪ್ಪು ಅವನದೇ. ಹಳೆಯ ಹಾಯಿದೋಣಿ ಕೊಂಡಾಗಿನಿಂದ ಅತ್ತೆಯ ಮುಂದೆ ಸಮುದ್ರವನ್ನೇ ಕುಡಿದವನಂತೆ ಕೊಚ್ಚಿಕೊಂಡಿದ್ದ. ಈಗ ನೋಡಿದರೆ ಹಾಯಿಕಂಬದ ತುದಿಯ ರಾಟೆ ಸವೆದುಹೋಗಿತ್ತು. ಹಗ್ಗ ಎಳೆದರೆ ಬಾಗಿಲಿಗೆ ಬಾಲ ಸಿಕ್ಕಿಸಿಕೊಂಡ ಬೆಕ್ಕಿನಂತೆ ಕಿರುಚುತ್ತಿತ್ತು. ಹಾಯಿ ಅರ್ಧಕ್ಕೇ ನಿಲ್ಲುತ್ತಿತ್ತು.

"ಆಳು ಯಾಕ್ರೀ, ನಾನಿಲ್ವಾ?" ಎನ್ನುತ್ತ ಬಂದರು ಪಕ್ಕದ ದೋಣಿಯ ಕ್ಯಾಪ್ಟನ್. ಹಡಗಿನಲ್ಲಿ ಅವರು ಮಾಡಿದ್ದು ಅಡುಗೆ ಕೆಲಸ. ಕ್ಯಾಪ್ಟನ್ ಆದದ್ದು ನಿವೃತ್ತಿಯ ನಂತರ. "ನಿಮ್ಮ ರಾಟೆ ನಂಬಿ ಮೇಲೆ ಹೋದ್ರೆ ಮಾಗಿದ ಹಣ್ಣಿನ ಥರ ಉದುರ್ತೀರಿ. ನನ್ನ ಕಂಬದಲ್ಲಿ ಗಟ್ಟಿ ಹಗ್ಗ ಇನ್ನೊಂದಿದೆ. ಅದ್ರಲ್ಲಿ ಏರಿ, ಕೈ ಚಾಚಿ, ನಿಮ್ಮ ಕಂಬದ್ದು ಬದಲಾಯಿಸಿ. ದೋಣಿಗಳು ಅಂಟಿಕೊಂಡೇ ನಿಂತಿವೆಯಲ್ಲ!"

ಹೊಸ ರಾಟೆಯನ್ನು ಕೈಗಿತ್ತು, ಹಗ್ಗಕ್ಕೆ ಕಟ್ಟಿದ ಹಲಗೆಯ ಮೇಲೆ ಕೂರಿಸಿ ಮೇಲಕ್ಕೆಳೆದರು. ಅರ್ಧ ದಾರಿಯಲ್ಲಿ ಅವನು ಒಮ್ಮೆ ಕೆಳಗೆ ನೋಡಿದ. ಆಮೇಲೆ ಏನನ್ನೂ ನೋಡಲಿಲ್ಲ. ಊರವರ ಕಣ್ಣು ಪರೀಕ್ಷಿಸುವ ಮನುಷ್ಯ ತನ್ನೆರಡೂ ಕಣ್ಣು ಮುಚ್ಚಿ, ಕಂಬವನ್ನು ಕಾಲಲ್ಲಿ ತಬ್ಬಿ, ಗಾಳಿಯಲ್ಲಿ ತಡಕಾಡತೊಡಗಿದ.

"ಸಿಕ್ತಾ?" ಕ್ಯಾಪ್ಟನ್ ಕೂಗಿದರು.

"ಸಿಕ್ತು! ಬೆರಳಿಟ್ರೇ ಗೊತ್ತಾಗುತ್ತೆ, ಪೂರ್ತಿ ಸವೆದಿದೆ!"

"ರೀ, ಕಣ್ಣು ಬಿಟ್ಟಿದ್ದೀರಿ ತಾನೇ?" ಹೆಂಡತಿ ಕೇಳಿದಳು.

"ಮತ್ತೇನು ಮುಚ್ಕೊಂಡಿರ್ತೀನಾ?" ಎಂದ ಅವನು, ರೆಪ್ಪೆಗಳನ್ನು ಇನ್ನಷ್ಟು ಬಿಗಿದು.

ಹಳೆಯದನ್ನು ಬಿಚ್ಚಿ, ಹಗ್ಗವನ್ನು ಹೊಸ ರಾಟೆಗೆ ಪೋಣಿಸಿ, ತಿರುಪು ಬಿಗಿದು ಕೆಳಗಿಳಿಯುವಷ್ಟರಲ್ಲಿ ಅವನ ಮೀಸೆ ನೆಟ್ಟಗಾಗಿತ್ತು. ಅತ್ತೆ ಆಗಲೇ ಬಂದು ದಡದಲ್ಲಿ ನಿಂತಿದ್ದರು.

"ನೋಡಿ ಅತ್ತೆ!" ಎಂದು ತನ್ನ ದೋಣಿಗೆ ಹಾರಿ ಹಗ್ಗ ಎಳೆದ.

ಕಿರ್‌ರ್‌ರ್! ಅದೇ ಬೆಕ್ಕು, ಅದೇ ಬಾಲ. ಹಾಯಿ ಅರ್ಧಕ್ಕೆ ನಿಂತಿತು.

ಪಕ್ಕದಲ್ಲಿ ಕ್ಯಾಪ್ಟನ್ ತಮ್ಮ ಹಗ್ಗವನ್ನು ಮೆಲ್ಲನೆ ಎಳೆದರು. ಅವರ ಹಾಯಿ ಉಸಿರೂ ಎತ್ತದೆ ತುದಿ ಮುಟ್ಟಿತು.

"ನೀವು ಬಿಚ್ಚಿದ್ದು ನಂದು ಕಣ್ರೀ," ಎಂದರು ಅವರು. "ಆಗ್ಲೇ ಹೇಳೋಣ ಅಂತಿದ್ದೆ. ಅಷ್ಟು ಶ್ರದ್ಧೆಯಿಂದ ಮಾಡ್ತಿದ್ರಿ, ಮಧ್ಯೆ ಬಾಯಿ ಹಾಕೋದು ಸರಿಯಲ್ಲ ಅನ್ನಿಸ್ತು."

ಹುಟ್ಟಿದಾರಭ್ಯ ಬಾಯಿ ಹಾಕಿಕೊಂಡೇ ಬಂದಿದ್ದ ಮನುಷ್ಯ!

"ಅಳಿಯಂದ್ರೇ, ಕೆಲಸ ಮಾತ್ರ ಅಚ್ಚುಕಟ್ಟು," ಎನ್ನುತ್ತ ಅತ್ತೆ ಕ್ಯಾಪ್ಟನ್ನರ ದೋಣಿ ಹತ್ತಿದರು. ಹೆಂಡತಿಯೂ ಹತ್ತಿದಳು. "ಮಾರೋ ವಿಷಯ ವಾಪಸ್ ಬಂದ್ಮೇಲೆ ಮಾತಾಡೋಣ ರೀ."

"ನಾನು?"

"ದಡದಲ್ಲಿ ಹಗ್ಗ ಬಿಚ್ಚೋಕೆ ಒಬ್ರು ಬೇಕಲ್ಲ!" ಎಂದರು ಕ್ಯಾಪ್ಟನ್.

ಕನ್ನಡಕದಂಗಡಿಯವನು ದಡಕ್ಕಿಳಿದ. ಈ ಸಲ ಎರಡೂ ಕಣ್ಣು ಅಗಲಿಸಿ, ಯಾವ ದೋಣಿಯ ಹಗ್ಗವೆಂದು ಮತ್ತೆ ಮತ್ತೆ ನೋಡಿಕೊಂಡು, ಗಂಟು ಬಿಚ್ಚಿದ.