ಒಂಟಿಮನೆಯ ಮೊದಲ ಮನುಷ್ಯ

ಪಾರ್ಕಿನ ಗೇಟಿನ ಬಳಿ ನಿಲ್ಲಿಸಿದ್ದ ಹೊಸ ಕಲ್ಲನ್ನು ಪರದೆ ಸರಿಸಿ ಓದುತ್ತಲೇ ಗಡಿಯಾರ ರಿಪೇರಿಯವನ ಮೈಯೆಲ್ಲ ಉರಿದುಹೋಯಿತು.

'ಬರೀ ಬಯಲಾಗಿದ್ದ ಇಲ್ಲಿ ಮೊದಲು ಮನೆ ಕಟ್ಟಿದವರು ಸಂಘದ ಕಾರ್ಯದರ್ಶಿಗಳ ಮಾವನವರು. ಆ ಒಂದೇ ಮನೆಯಿಂದ ಇದು ಒಂಟಿಮನೆ ಬಡಾವಣೆಯಾಯಿತು.'

"ಯಾವ ಮಾವ ರೀ?" ಕಾರ್ಯದರ್ಶಿಯ ಬಾಗಿಲಲ್ಲೇ ನಿಂತು ಕೂಗಿದ. "ನಿಮ್ಮ ಮಾವ ಬರೋ ಹೊತ್ತಿಗೆ ನಮ್ಮಪ್ಪನ ಮನೆಗೆ ಎರಡನೇ ಸಲ ಸುಣ್ಣ ಹೊಡೆದಾಗಿತ್ತು!"

ಕಾರ್ಯದರ್ಶಿ ಹಲ್ಲುಜ್ಜುತ್ತಲೇ ಹೇಳಿದರು, "ದಾಖಲೆ ಇದೆಯೇನಪ್ಪಾ? ಸಂಜೆ ಐದಕ್ಕೆ ಅನಾವರಣ. ಅಷ್ಟರೊಳಗೆ ತಂದ್ರೆ ಹೊಸ ಕಲ್ಲು ಕೆತ್ತಿಸೋಣ."

ಪಕ್ಕದ ಮನೆ ನರ್ಸಮ್ಮ ಕಿಟಕಿಯಿಂದಲೇ ಬಾಯಿ ಹಾಕಿದಳು: "ಬಿಡಿ ಅಣ್ಣಾ, ಸತ್ತೋರ ಹೆಸರಿಗೆ ಬದುಕಿರೋರು ಯಾಕೆ ಬಡಿದಾಡ್ತೀರಿ?"

"ನಿಮ್ಮಪ್ಪನ ಹೆಸರು ಅಳಿಸಿದ್ರೆ ಗೊತ್ತಾಗ್ತಿತ್ತು ತಂಗೀ!"

ಅಪ್ಪ ಒಬ್ಬನೇ ಬಾವಿ ತೋಡಿದ್ದ. ಸೀಮೆಎಣ್ಣೆಗೆ ಎರಡು ಮೈಲಿ ನಡೆದಿದ್ದ. ಅವನಿಗೆ ಕಲ್ಲಿನಲ್ಲಿ ಅರ್ಧ ಅಕ್ಷರದ ಜಾಗವೂ ಇಲ್ಲವೇ?

ಪುರಸಭೆಯ ಮೊದಲ ಕಿಟಕಿಯವನು ಎರಡನೆಯದಕ್ಕೆ ಕಳಿಸಿದ, ಎರಡನೆಯವನು ಊಟಕ್ಕೆ ಹೋಗಿದ್ದ. ಮೂರು ಗಂಟೆಯ ಹೊತ್ತಿಗೆ ಗಡಿಯಾರದವನು ಸೀಟಿ ಮರೆತ ಕುಕ್ಕರಿನಂತಾಗಿದ್ದ. ಕೊನೆಗೆ ದಾಖಲೆ ಗುಮಾಸ್ತ ಧೂಳು ಕೊಡವಿ ಒಂದು ಹಳೆಯ ಅರ್ಜಿಯನ್ನು ಹೊರಗೆಳೆದ. ಅಪ್ಪನದೇ ಅಕ್ಷರ! 'ಈ ಬಯಲಿನಲ್ಲಿ ಮೊದಲು ಮನೆ ಕಟ್ಟಿದವನು ನಾನು...'

"ಸಾಕು! ನಕಲಿಗೆ ಮೊಹರು ಹಾಕಿ ಕೊಡಿ!"

"ಪೂರ್ತಿ ಓದ್ಕೊಳ್ಳಿ ಸಾರ್."

"ನಮ್ಮಪ್ಪನ ಮಾತು ನೀವು ನನಗೆ ಹೇಳ್ಕೊಡ್ಬೇಕಾ?"

ಐದಕ್ಕೆ ಸರಿಯಾಗಿ ಅವನು ಜನರನ್ನು ಸೀಳಿಕೊಂಡು ನುಗ್ಗಿ, ಕಾಗದವನ್ನು ಕಾರ್ಯದರ್ಶಿಯ ಮೂಗಿಗೆ ಹಿಡಿದ. "ಮೈಕಿನಲ್ಲಿ ಓದ್ರೀ, ಎಲ್ರಿಗೂ ಕೇಳ್ಲಿ!"

ಕಾರ್ಯದರ್ಶಿ ಕನ್ನಡಕ ಸರಿಮಾಡಿಕೊಂಡು ಓದಿದರು. ಮೊದಲ ಸಾಲಿಗೆ ಚಪ್ಪಾಳೆ ಬಿತ್ತು. ಗಡಿಯಾರದವನ ಎದೆ ಒಂದು ಗೇಣು ಅಗಲವಾಯಿತು.

"'...ನೆರೆಹೊರೆಯವರ ಕಾಟ ತಾಳಲಾರದೆ ಊರು ಬಿಟ್ಟು ಬಂದಿದ್ದೇನೆ. ಈಗ ಪಕ್ಕದಲ್ಲಿ ಇನ್ನೊಬ್ಬ ಪಾಯ ತೋಡುತ್ತಿದ್ದಾನೆ. ದಯಮಾಡಿ ಇಲ್ಲಿ ಇನ್ನೊಂದು ನರಪಿಳ್ಳೆಗೂ ಮನೆ ಕಟ್ಟಲು ಬಿಡಬೇಡಿ. ಬಂದರೆ ಬಾವಿಯ ನೀರು ಮುಟ್ಟಗೊಡುವುದಿಲ್ಲ.'"

ಚಪ್ಪಾಳೆ ನಿಂತಿತು. ಕಾರ್ಯದರ್ಶಿ ಕೆಳಗಿದ್ದ ಅಧಿಕಾರಿಯ ಷರಾವನ್ನೂ ಓದಿದರು: "'ಅರ್ಜಿ ತಿರಸ್ಕರಿಸಿದೆ. ಈತನ ತಕರಾರುಗಳು ಇನ್ನೂ ಬರುವಂತಿವೆ. ಆದ್ದರಿಂದ ಬೇರೆ ಕಡತ ತೆರೆದು ಒಂಟಿಮನೆ ಎಂದು ಹೆಸರಿಡಿ.'"

"ಅಂದ್ರೆ ನಾವ್ಯಾರೂ ಬರಬಾರದಿತ್ತಾ?" ನರ್ಸಮ್ಮ ಸೊಂಟಕ್ಕೆ ಕೈಯಿಟ್ಟಳು.

"ಹೆಸರು ಬಂದದ್ದು ಇವರಪ್ಪನಿಂದಲೇ, ಒಪ್ಪಿದೆ," ಎಂದರು ಕಾರ್ಯದರ್ಶಿ ಬೆಣ್ಣೆಯಂಥ ದನಿಯಲ್ಲಿ. "ಈ ಅರ್ಜಿಯನ್ನೇ ಕಲ್ಲಿಗೆ ಹಾಕೋಣ. ಪೂರ್ತಿ."

ಇಡೀ ಬಡಾವಣೆ ಕೈಯೆತ್ತಿತು.

ಮರುದಿನ ಪುರಸಭೆ ಕಚೇರಿಯ ಬಾಗಿಲು ತೆಗೆಯುವ ಮೊದಲೇ ಗಡಿಯಾರದವನು ಅಲ್ಲಿದ್ದ. "ಆ ಕಲ್ಲು ಹಾಕೋದನ್ನ ತಡೀರೀ! ಈ ಜನರ ಮಧ್ಯೆ ಮನುಷ್ಯ ಬದುಕೋಕೆ ಆಗಲ್ಲ!"

ಗುಮಾಸ್ತ ಕಪಾಟಿನಿಂದ ಹಳೆಯ ಒಂಟಿಮನೆ ಕಡತವನ್ನೇ ತೆಗೆದು ಮೇಜಿನ ಮೇಲಿಟ್ಟ.

"ಬರೆದು ಕೊಡಿ ಸಾರ್, ಇದಕ್ಕೇ ಸೇರಿಸ್ತೀನಿ."