ಇನ್ಸ್‌ಪೆಕ್ಟರರ ಗಾಳ ಪರೀಕ್ಷೆ

ಶನಿವಾರ ಮಧ್ಯಾಹ್ನ ಊಟ ಮುಗಿಸಿ ಕೈ ಒರೆಸಿಕೊಂಡವರೇ ಇನ್ಸ್‌ಪೆಕ್ಟರರು ಸೋಫಾವನ್ನು ಗೋಡೆಗೆ ಒತ್ತಿ, ಎರಡರ ನಡುವಿನ ಸಂದಿಗೆ ಒಂದು ಗಾಳದ ಕೋಲಿನ ಬುಡವನ್ನು ಸಿಕ್ಕಿಸಿದರು. ಆಳುದ್ದಕ್ಕಿಂತ ಉದ್ದವಾದ ಆ ಕಪ್ಪು ಕೋಲು ಓರೆಯಾಗಿ ಮೇಲೆದ್ದು, ಊಟದ ಮೇಜನ್ನು ದಾಟಿ ಅಡುಗೆಮನೆಯ ಬಾಗಿಲವರೆಗೆ ಚಾಚಿಕೊಂಡಿತು. ತುದಿಯ ದಾರಕ್ಕೆ ಅರ್ಧ ಕಿಲೋದ ಹಿತ್ತಾಳೆ ಬಟ್ಟು ನೇತುಹಾಕಿ, ಮಂಡಿಯೂರಿ, ಒಂದು ಕಣ್ಣು ಮುಚ್ಚಿ, ಕೋಲು ಎಷ್ಟು ಬಾಗಿತೆಂದು ಸ್ಕೇಲು ಹಿಡಿದು ಅಳೆಯತೊಡಗಿದರು. ಒಗೆದ ಬಟ್ಟೆಯ ಬುಟ್ಟಿ ಹೊತ್ತು ಅಡುಗೆಮನೆಯಿಂದ ಹೊರಬಂದ ಹೆಂಡತಿಯ ಹಣೆಗೆ ಬಟ್ಟು ಸರಿಯಾಗಿ ತಗುಲಿತು.

"ಅಯ್ಯೋ! ರೀ, ಇನ್ಮೇಲೆ ಮನೇಲಿ ಓಡಾಡೋಕೂ ಹೆಲ್ಮೆಟ್ ಹಾಕ್ಕೋಬೇಕಾ?"

"ಅಲುಗಾಡಿಸಿಬಿಟ್ಟೆಯಲ್ಲೇ! ಈಗಷ್ಟೇ ತೂಗಾಡೋದು ನಿಂತಿತ್ತು."

"ನನ್ನ ಹಣೆ ಏನಾಯ್ತು ಅಂತ ಕೇಳಲ್ವಾ?"

"ಹಣೆಗೇನಾಗುತ್ತೆ, ಗಟ್ಟಿಯಾಗಿದೆ. ಕೆಟ್ಟಿದ್ದು ನನ್ನ ಪರೀಕ್ಷೆ. ಇನ್ನು ಮೊದಲಿಂದ ಮಾಡಬೇಕು."

ಇವರು ತೂಕ ಮತ್ತು ಅಳತೆಯ ಇನ್ಸ್‌ಪೆಕ್ಟರ್. ಅವರು ಪೇಟೆಯ ಬೀದಿಗೆ ಕಾಲಿಟ್ಟರೆ ಅಂಗಡಿಗಳ ತಕ್ಕಡಿಗಳು ತಾವಾಗಿಯೇ ನೆಟ್ಟಗಾಗುತ್ತವೆ ಎಂಬ ಮಾತಿತ್ತು. ಕಚೇರಿಯಲ್ಲಿ ಇದು ಗುಣ. ಅದೇ ಗುಣ ಸಾಯಂಕಾಲ ಚಪ್ಪಲಿ ಬಿಚ್ಚಿ ಒಳಗೆ ಬಂದರೆ ಮನೆಯವರ ಪಾಲಿಗೆ ಗ್ರಹಚಾರ. ಒಂದು ಕೊಡೆ ಕೊಳ್ಳುವ ಮೊದಲು ಅವರು ಐದು ಕೊಡೆಗಳನ್ನು ಬಚ್ಚಲಿನ ಶವರ್ ಕೆಳಗೆ ಹಿಡಿದುಕೊಂಡು ನಿಂತಿದ್ದುಂಟು. (ಐದೂ ಸೋರಲಿಲ್ಲ. ಶೀತವಾದದ್ದು ಅವರಿಗೆ.) ದಿಂಬು ಆರಿಸುವಾಗ ಮನೆಮಂದಿಯೆಲ್ಲ ಸರದಿಯಂತೆ ಮಲಗಿ ವರದಿ ಒಪ್ಪಿಸಬೇಕಾಗಿತ್ತು.

ಈ ಸಲ ಕಣದಲ್ಲಿದ್ದದ್ದು ಎರಡು ಗಾಳಗಳು. ಎರಡೂ ಕಾರ್ಬನ್ ಫೈಬರಿನವು, ಎರಡೂ ಬ್ಯಾಸ್ ಮೀನು ಹಿಡಿಯುವುದಕ್ಕೆಂದೇ ಮಾಡಿದವು. ಒಂದು ಕನ್ನಡಿಯಂತೆ ಹೊಳೆಯುವ ಕಪ್ಪು ಕೋಲು, ಬುಡಕ್ಕೆ ಬೆಂಡಿನ ಹಿಡಿ, ಎತ್ತಿದರೆ ಗರಿಯಷ್ಟು ಹಗುರ. ಇನ್ನೊಂದು ಯಾವ ಜಂಬವೂ ಇಲ್ಲದ ಬೂದು ಬಣ್ಣದ್ದು, ಬೆಲೆಯಲ್ಲಿ ಕಪ್ಪಿನ ಮೂರನೆಯ ಒಂದು ಪಾಲು. ಅಂಗಡಿಯವನು ಎರಡನ್ನೂ ಕೊಟ್ಟು, "ನೋಡಿ ಸಾರ್, ಸೋಮವಾರ ಒಂದು ವಾಪಸ್ ತಂದ್ರಾಯ್ತು" ಎಂದಿದ್ದ. ಇನ್ಸ್‌ಪೆಕ್ಟರರು ಎರಡಕ್ಕೂ ಪೂರ್ತಿ ಹಣ ಕಟ್ಟಿಯೇ ತಂದಿದ್ದರು. ನಾಳೆ ಯಾರೂ ಬೆರಳು ತೋರಿಸಬಾರದಲ್ಲ.

ಇಷ್ಟು ಅವಸರಕ್ಕೆ ಕಾರಣ ಭಾವಮೈದುನ. ಹೆಂಡತಿಯ ತಮ್ಮನಾದ ಆತ ಹಲ್ಲಿನ ಡಾಕ್ಟರು. ಪ್ರತಿವರ್ಷ ಊರಾಚೆಯ ಕೆರೆಯಲ್ಲಿ ಜೋಡಿ ಜೋಡಿಯಾಗಿ ಗಾಳ ಹಾಕುವ ಪಂದ್ಯ ನಡೆಯುತ್ತದೆ. ಅದರಲ್ಲಿ ಇವರಿಬ್ಬರದು ಒಂದು ಜೋಡಿ. ಹೋದ ವರ್ಷ ಇನ್ಸ್‌ಪೆಕ್ಟರರ ಗಾಳದ ತುದಿ ನಡುಗಿತು. ನಡುಗಿಸಿದ್ದು ಗಾಳಿಯೋ ಮೀನೋ ಎಂದು ಅವರು ಕೂಲಂಕಷವಾಗಿ ವಿಚಾರ ಮಾಡುವಷ್ಟರಲ್ಲಿ ಮೀನು ರಬ್ಬರಿನ ಎರೆಹುಳುವನ್ನು ಕಿತ್ತುಕೊಂಡು ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಡಾಕ್ಟರು ಅದನ್ನು ಮರೆತಿರಲಿಲ್ಲ. ಈ ವಾರ ಫೋನ್ ಮಾಡಿ ಅಂದ: "ಭಾವ, ತಪ್ಪು ತಿಳೀಬೇಡಿ. ಭಾನುವಾರದ ಪಂದ್ಯಕ್ಕೆ ಔಷಧಿ ಅಂಗಡಿಯವರು ನನ್ನ ಜೋಡಿಯಾಗಿ ಬರ್ತೀನಿ ಅಂತಿದಾರೆ. ಶನಿವಾರ ಸಾಯಂಕಾಲ ಮನೆಗೆ ಬರ್ತೀನಿ. ಮೀನು ಕಚ್ಚಿದ್ದು ನಿಮ್ಮ ಕೈಗೆ ಗೊತ್ತಾಗುತ್ತಾ ಅಂತ ನೋಡಿ ಆಮೇಲೆ ಹೇಳ್ತೀನಿ."

ಊರಿನ ತಕ್ಕಡಿಗಳನ್ನೆಲ್ಲ ಪರೀಕ್ಷಿಸುವವರನ್ನು ಹಲ್ಲು ಕೀಳುವವನು ಪರೀಕ್ಷಿಸುವುದೇ! ಆ ರಾತ್ರಿಯಿಂದ ಇನ್ಸ್‌ಪೆಕ್ಟರರ ಗಂಟಲಲ್ಲಿ ಅನ್ನ ಇಳಿದಿರಲಿಲ್ಲ. (ಹೆಂಡತಿಯ ಹೇಳಿಕೆಯ ಪ್ರಕಾರ ಇಳಿದಿತ್ತು, ಎರಡು ಸಲ ಬಡಿಸಿಕೊಂಡಿದ್ದರು.)

ಬಾಗುವ ಪರೀಕ್ಷೆಯಲ್ಲಿ ಕಪ್ಪು ಗೆದ್ದಿತು. ತುದಿ ಮಾತ್ರ ಬಾಗಿ ನಡು ನೆಟ್ಟಗೇ ಇತ್ತು. ಬೂದು ಕೋಲು ನಡುವಿನವರೆಗೂ ಬಳುಕಿತು. ಎರಡನೆಯದು ಎಸೆತದ ಪರೀಕ್ಷೆ. ಮೂರನೆಯ ಮಹಡಿಯ ಬಾಲ್ಕನಿಯಲ್ಲಿ ನಿಂತು, ಕೆಳಗಿನ ಅಂಗಳದಲ್ಲಿಟ್ಟ ಪ್ಲಾಸ್ಟಿಕ್ ಟಬ್ಬಿಗೆ ರಬ್ಬರ್ ಗುಂಡು ಎಸೆಯಬೇಕು. ಕಪ್ಪು ಗಾಳದ ಗುಂಡು ಟಬ್ಬಿನ ಎಡಕ್ಕೆ ಬಿತ್ತು. ಬೂದು ಗಾಳದ್ದು ಬಲಕ್ಕೆ ಬಿತ್ತು. ಮತ್ತೊಮ್ಮೆ ಎಸೆದದ್ದು ಎಲ್ಲಿ ಬಿತ್ತೆಂದು ನೋಡಲಿಲ್ಲ. ಕೆಳಗೆ ಹೂಕುಂಡ ಒಡೆದ ಸದ್ದು ಕೇಳಿ ಇನ್ಸ್‌ಪೆಕ್ಟರರು ಗೋಡೆಯ ಮರೆಗೆ ಕೂತರು.

"ಗಾಳಿ ಜಾಸ್ತಿ" ಎಂದು ಪಿಸುಗುಟ್ಟಿದರು.

"ಗಾಳಿ ಜಾಸ್ತಿ ಅಂತ ನಾನೂ ಬೆಳಿಗ್ಗೆಯಿಂದ ಹೇಳ್ತಾನೇ ಇದೀನಿ" ಎಂದರು ಅತ್ತೆ. ಮಗಳ ಮನೆಯಲ್ಲೇ ಇರುವ ಅವರು ಬಾಲ್ಕನಿಯ ಇನ್ನೊಂದು ತುದಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಅವರ ಉಣ್ಣೆಯ ಶಾಲು ಬೆಳಿಗ್ಗೆ ಗಾಳಿಗೆ ಹಾರಿ, ಕೆಳಗಿನ ಮನೆಯ ಕಿಟಕಿ ಮೇಲಿನ ತಗಡಿನ ಸೂರಿನ ಮೇಲೆ ಮುದುಡಿ ಬಿದ್ದಿತ್ತು. ಆ ಮನೆಯವರು ಬೀಗ ಹಾಕಿ ಪರಊರಿಗೆ ಹೋಗಿದ್ದರು. "ಅಳಿಯಂದ್ರೇ, ಹೇಗೂ ಎಸೀತಾ ಇದೀರಲ್ಲ, ಒಂದನ್ನ ಶಾಲಿನ ಕಡೆಗೂ ಎಸೀರಿ."

"ಅತ್ತೆ, ಇದು ಬ್ಯಾಸ್ ಹಿಡಿಯೋ ಗಾಳ. ಶಾಲು ಹಿಡಿಯೋದಲ್ಲ."

"ಬ್ಯಾಸ್ ಈಜಿಕೊಂಡು ತಪ್ಪಿಸ್ಕೊಳ್ಳುತ್ತೆ. ಇದು ಬಿದ್ದ ಕಡೆ ಬಿದ್ದಿದೆ. ನಿಮಗೆ ಸುಲಭ ಅಲ್ವಾ ಅಂತ ಅಂದೆ."

"ಪರೀಕ್ಷೆ ಮುಗೀಲಿ ಅತ್ತೆ" ಎಂದು ಇನ್ಸ್‌ಪೆಕ್ಟರರು ಒಳಗೆ ಹೋದರು.

ಉಳಿದದ್ದು ಮುಖ್ಯ ಪರೀಕ್ಷೆ. ಒಳ್ಳೆಯ ಕಾರ್ಬನ್ ಕೋಲಾದರೆ ನೀರಿನಾಳದಲ್ಲಿ ಮೀನು ಮೂತಿ ತಾಗಿಸಿದ ನಡುಕವೂ ಹಿಡಿದವನ ಅಂಗೈಗೆ ಮುಟ್ಟುತ್ತದೆ. ಅದನ್ನು ತಿಳಿಯಲು ಇನ್ಸ್‌ಪೆಕ್ಟರರು ಹೂಡಿದ ಏರ್ಪಾಡು ಹೀಗಿತ್ತು: ತಾವು ಮಲಗುವ ಕೋಣೆಯಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕುರ್ಚಿಯಲ್ಲಿ ಕೂರುವುದು. ಗಾಳದ ದಾರ ಬಾಗಿಲಿನಿಂದ ಹಾಯ್ದು ಹಾಲ್‌ಗೆ ಹೋಗುವುದು. ಅಲ್ಲಿ ಹೆಂಡತಿ ಮೀನಿನ ಹಾಗೆ ಅದನ್ನು ಜಗ್ಗುವುದು. ಆಗಾಗ ಅವಳು ಬಂದು ಒಂದು ಗಾಳ ತೆಗೆದುಕೊಂಡು ಇನ್ನೊಂದನ್ನು ಕೈಗಿಡಬೇಕು, ಯಾವುದೆಂದು ಹೇಳಬಾರದು.

"ಎಷ್ಟು ಹೊತ್ತು ಮೀನಾಗಿರಬೇಕು? ಬಟ್ಟೆ ಮಡಿಚೋದಿದೆ."

"ಮಡಿಚ್ಕೊಂಡೇ ಆಗು. ಆದರೆ ಒಂದು ವಿಷಯ. ಏನೇ ಆಗಲಿ, ಮುಗಿಯೋವರೆಗೂ ಮಾತಾಡಬಾರದು. ದನಿ ಕೇಳಿದ್ರೆ ನಿಷ್ಪಕ್ಷಪಾತತೆ ಹೋಗುತ್ತೆ."

"ಏನೇ ಆದ್ರೂ?"

"ಆಕಾಶ ಕಳಚಿ ಬಿದ್ದರೂ."

ಹೆಂಡತಿ ಕಪ್ಪು ಗಾಳವನ್ನು ಗಂಡನ ಕೈಗಿತ್ತು, ಹಾಲ್‌ನಲ್ಲಿ ಚಾಪೆ ಹಾಸಿ ಕೂತು, ದಾರದ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡು ಬಟ್ಟೆ ಮಡಿಸತೊಡಗಿದಳು. ಆಗ ಅತ್ತೆ ಒಳಗೆ ಬಂದರು. ಗೋಡೆಗೆ ಒರಗಿದ್ದ ಬೂದು ಗಾಳವನ್ನು ನೋಡಿದರು, ಮಗಳನ್ನು ನೋಡಿದರು, ಬಾಲ್ಕನಿಯ ಕಡೆ ಗಲ್ಲ ಎತ್ತಿ ತೋರಿಸಿದರು. ಮಗಳು ಬೇಡವೆಂದು ಕೈಯಾಡಿಸಿದಳು. ಅತ್ತೆ ಅದನ್ನು ಆಗಲಿ ಎಂದು ಅರ್ಥಮಾಡಿಕೊಂಡು, ಅಳಿಯನ ಗಾಳದ ಸಾಮಾನಿನ ಪೆಟ್ಟಿಗೆಯಿಂದ ಮೂರು ಬಾಯಿಯ ಕೊಕ್ಕೆಯೊಂದನ್ನು ಆರಿಸಿ, ಬೂದು ಗಾಳದೊಡನೆ ಹೊರಟೇ ಹೋದರು.

"ರೀ…" ಎಂದಳು ಹೆಂಡತಿ.

"ಶ್! ಮಾತಾಡಬೇಡ ಅಂದ್ನಲ್ಲ!"

"ಅಲ್ಲಾ, ಅಮ್ಮ…"

"ಆಕಾಶ ಬಿದ್ದರೂ ಅಂತ ಹೇಳಿಲ್ವಾ? ಬದಲಾಯಿಸು, ಬೇಗ!"

ಹೆಂಡತಿ ಒಂದು ಕ್ಷಣ ಯೋಚಿಸಿದಳು. ಮದುವೆಯಾದಾಗಿನಿಂದ ಗಂಡನ ಮಾತನ್ನು ಅಕ್ಷರಶಃ ಪಾಲಿಸುವ ಅವಕಾಶ ಇಷ್ಟು ಚೆನ್ನಾಗಿ ಎಂದೂ ಒದಗಿರಲಿಲ್ಲ. ಎದ್ದು ಹೋಗಿ ಅವರ ಕೈಯಿಂದ ಕಪ್ಪು ಗಾಳವನ್ನು ತೆಗೆದುಕೊಂಡಳು, ನಿಂತಲ್ಲೇ ಒಂದು ಸುತ್ತು ತಿರುಗಿದಳು, ಅದನ್ನೇ ಮತ್ತೆ ಅವರ ಕೈಗಿಟ್ಟಳು.

ಇನ್ಸ್‌ಪೆಕ್ಟರರ ಮುಖ ಸಪ್ಪಗಾಯಿತು. "ಹ್ಞೂಂ. ಇದು ಬೂದು. ಹಿಡಿದ ಕೂಡಲೇ ಗೊತ್ತಾಯ್ತು. ಭಾರ! ಪೊರಕೆ ಹಿಡಿದ ಹಾಗಿದೆ."

ಹೆಂಡತಿ ಸೊಳ್ಳೆ ಕಚ್ಚಿದ ಕಾಲನ್ನು ಕೆರೆದುಕೊಂಡಳು.

"ಏನೋ ಆಯ್ತು, ಆದರೆ ಏನಂತ ಸ್ಪಷ್ಟವಾಗ್ತಾ ಇಲ್ಲ. ಗೋಡೆ ಆಚೆ ಯಾರೋ ಗೊಣಗಿದ ಹಾಗೆ. ಬದಲಾಯಿಸು."

ಮತ್ತೊಂದು ಸುತ್ತು, ಮತ್ತದೇ ಕಪ್ಪು ಗಾಳ.

"ಆಹಾ!" ಇನ್ಸ್‌ಪೆಕ್ಟರರು ನೆಟ್ಟಗೆ ಕೂತರು. "ಇದಪ್ಪಾ ಅಂದ್ರೆ! ಇದು ಕಪ್ಪು. ಕೈಯಲ್ಲಿ ಇದೆ ಅಂತಾನೇ ಗೊತ್ತಾಗಲ್ಲ. ಈಗ ಜಗ್ಗು… ನೋಡಿದೆಯಾ, ಕೋಲು ಮಾತಾಡ್ತಿದೆ! ಸಣ್ಣ ಮೀನು. ಮೂಸಿ ನೋಡ್ತಾ ಇದೆ. ಹಸಿವಿಲ್ಲ, ಬರೀ ಕುತೂಹಲ."

ಹೆಂಡತಿ ಲಂಗದ ಲಾಡಿ ಸರಿಮಾಡುತ್ತಿದ್ದಳು.

ಈ ಹೊತ್ತಿಗೆ ಭಾವಮೈದುನ ಬಂದ. ಬಾಗಿಲು ತೆರೆದೇ ಇತ್ತು. ಅಕ್ಕ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ಒಂದೇ ಗಾಳ, ಎರಡು ಹೆಸರು ಎಂದು ಬೆರಳಲ್ಲೇ ವಿವರಿಸಿದಳು. ಡಾಕ್ಟರು ಬಾಗಿಲಿಗೆ ಒರಗಿ, ಕರ್ಚೀಫು ಬಾಯಿಗೆ ತುರುಕಿಕೊಂಡು ನಿಂತ. ಅವನ ಕಣ್ಣೆದುರೇ ಕಪ್ಪು ಗಾಳ ಇನ್ನೊಂದು ಸಲ ಬೂದಾಗಿ ಉಗಿಸಿಕೊಂಡಿತು, ಮತ್ತೊಂದು ಸಲ ಕಪ್ಪಾಗಿ ಹೊಗಳಿಸಿಕೊಂಡಿತು.

"ನಿನ್ನ ತಮ್ಮ ಬರಲಿ" ಎಂದರು ಇನ್ಸ್‌ಪೆಕ್ಟರರು ಕಣ್ಣಿಗೆ ಕಟ್ಟಿದ ಬಟ್ಟೆಯ ಕತ್ತಲೆಗೆ. "ಹಲ್ಲು ಕಿತ್ತ ಹಾಗಲ್ಲ ಇದು, ಸೂಕ್ಷ್ಮ ಬೇಕು ಅಂತ ಹೇಳ್ತೀನಿ."

ತಮ್ಮನ ಭುಜ ಕುಲುಕಿತು. ಅದನ್ನು ನೋಡಿ ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಅವಳು ಒದ್ದಾಡಿದಳು, ಹೆಬ್ಬೆರಳೂ ಒದ್ದಾಡಿತು.

"ಬಂತು! ದೊಡ್ಡದು! ಮೂರು ಕಿಲೋಗೆ ಕಮ್ಮಿ ಇಲ್ಲ!"

ಇನ್ಸ್‌ಪೆಕ್ಟರರು ಎದ್ದು ನಿಂತು ಗಾಳವನ್ನು ಹಿಂದಕ್ಕೆ ಸೆಳೆದರು. ಹಾಲ್‌ನಲ್ಲಿ ಹೆಂಡತಿ ಮಡಿಸಿದ ಬಟ್ಟೆಯ ಗುಡ್ಡೆಯ ಮೇಲೆ ಅಂಗಾತ ಬಿದ್ದು, ಒಂದು ಕಾಲು ಮೇಲೆತ್ತಿಕೊಂಡು ಮಲಗುವ ಕೋಣೆಯ ಕಡೆಗೆ ಜಾರತೊಡಗಿದಳು. "ಬಿಡ್ರೀ! ನನ್ನ ಬೆರಳು!" ಎಂದು ಕೂಗುತ್ತಲೇ ನಗುತ್ತಿದ್ದಳು. ಇನ್ಸ್‌ಪೆಕ್ಟರರು ಕಣ್ಣಿನ ಬಟ್ಟೆ ಕಿತ್ತರು. ಎದುರಿಗೆ ಹೊಸ್ತಿಲವರೆಗೆ ಬಂದ ಹೆಂಡತಿ, ಅವಳ ಹಿಂದೆ ಕಣ್ಣೀರು ಒರೆಸಿಕೊಳ್ಳುತ್ತಿದ್ದ ಭಾವಮೈದುನ, ತಮ್ಮ ಕೈಯಲ್ಲಿ ಕಪ್ಪು ಗಾಳ.

"ಇನ್ನೊಂದು ಎಲ್ಲಿ?"

"ಅಮ್ಮ ಆವಾಗ್ಲೇ ತಗೊಂಡು ಹೋದ್ಲು. ಹೇಳೋಕೆ ಬಂದೆ, ನೀವು ಬಿಡಲಿಲ್ಲ."

"ಆವಾಗ್ಲೇ ಅಂದ್ರೆ… ಯಾವಾಗ?"

"ನೀವು ಪೊರಕೆ ಅಂದ್ರಲ್ಲ, ಅದಕ್ಕೂ ಮೊದಲು."

ಇನ್ಸ್‌ಪೆಕ್ಟರರು ಕೈಯಲ್ಲಿದ್ದ ಕೋಲನ್ನು ನೋಡಿದರು. ಅದು ಈಗ ಏನೂ ಮಾತಾಡುತ್ತಿರಲಿಲ್ಲ.

ಮೂವರೂ ಬಾಲ್ಕನಿಗೆ ಹೋದರು. ಅತ್ತೆ ಕಟಕಟೆಗೆ ಹೊಟ್ಟೆ ಆನಿಸಿ, ಗಾಳವನ್ನು ಕೆಳಕ್ಕೆ ಚಾಚಿ, ಕಲ್ಲಿನಂತೆ ನಿಂತಿದ್ದರು. ಕೊಕ್ಕೆ ಶಾಲಿನ ಅಂಚಿನ ಬಳಿ ತೂಗುತ್ತಿತ್ತು. ಡಾಕ್ಟರು ಏನೋ ಹೇಳಹೋದ; ಅತ್ತೆ ಹಿಂದಕ್ಕೆ ನೋಡದೆಯೇ ಎಡಗೈ ಎತ್ತಿ ಸುಮ್ಮನಿರಿಸಿದರು. ಗಾಳಿ ಬೀಸಿತು. ಶಾಲಿನ ಮೂಲೆ ತುಸು ಎದ್ದಿತು. ಅತ್ತೆಯ ಮಣಿಕಟ್ಟು ಮಾತ್ರ ಅಲುಗಿತು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಶಾಲು ತಗಡಿನಿಂದ ಎದ್ದು, ಕೋಲನ್ನು ನಡುವಿನವರೆಗೂ ಬಗ್ಗಿಸಿ, ಮೇಲಕ್ಕೆ ಬಂತು. ಒಂದು ಎಳೆಯೂ ಹರಿದಿರಲಿಲ್ಲ.

"ಮೊದಲ್ನೇ ಎಸೆತಕ್ಕೇ ಸಿಕ್ತಾ ಅಮ್ಮ?" ಡಾಕ್ಟರು ತಾಯಿಯ ಮಣಿಕಟ್ಟನ್ನೇ ನೋಡುತ್ತಿದ್ದ.

"ಇಲ್ಲಪ್ಪ. ಆಗಿನಿಂದ ಎಸೀತಾನೇ ಇದೀನಿ. ಸಿಗೋವರೆಗೂ ನಿಲ್ಲೋದು ತಾನೇ?"

"ನಾಳೆ ಕೆರೆಗೆ ಬರ್ತೀಯಾ?"

"ಭಾವ ಇರ್ತಾರಲ್ಲೋ ನಿನ್ನ ಜೊತೆಗೆ."

ಡಾಕ್ಟರು ಭಾವನ ಕಡೆ ತಿರುಗಿದ. ಕ್ಲಿನಿಕ್ಕಿನಲ್ಲಿ ಇಕ್ಕಳ ಎತ್ತಿಕೊಳ್ಳುವ ಮೊದಲು ಅವನ ಮುಖ ಹೀಗೇ ಮೃದುವಾಗುತ್ತಿತ್ತು. "ಭಾವ, ನೀವೇ ಹೇಳಿ. ನಿಮ್ಮಷ್ಟು ನಿಷ್ಪಕ್ಷಪಾತಿ ಬೇರೆ ಯಾರಿದ್ದಾರೆ?"

ಇನ್ಸ್‌ಪೆಕ್ಟರರು ಹೆಂಡತಿಯ ಕಡೆ ನೋಡಿದರು. ಅವಳು ಹೆಬ್ಬೆರಳು ನೀವಿಕೊಳ್ಳುತ್ತ ಆಕಾಶ ನೋಡುತ್ತಿದ್ದಳು. ತಡೆದು ತಡೆದು ಬಂದ ನಗು ಕೊನೆಗೆ ಅವರಿಗೂ ಬಂದೇಬಿಟ್ಟಿತು.

"ಅತ್ತೇನೇ ಹೋಗಲಿ" ಎಂದರು. "ಆದರೆ ಅತ್ತೆ, ಕಪ್ಪು ಗಾಳ ತಗೊಂಡು ಹೋಗಿ. ಅದು ನಿಜವಾಗ್ಲೂ ಒಳ್ಳೇದು."

"ಬೇಡ ಅಳಿಯಂದ್ರೇ. ಅದು ಮಾತಾಡುತ್ತಂತಲ್ಲ, ಬಾಲ್ಕನಿಗೆ ಕೇಳಿಸ್ತು. ಮೀನು ಹಿಡಿಯೋ ಕಡೆ ಮಾತು ಯಾಕೆ? ನೀವು ಮಾತ್ರ ಬನ್ನಿ. ಬುಟ್ಟಿ, ಡಬ್ಬಿ ಎಲ್ಲ ನಾನೊಬ್ಬಳೇ ಹೊರೋಕಾಗಲ್ಲ."

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಡಾಕ್ಟರ ಕಾರು ಕೆರೆಯ ದಾರಿ ಹಿಡಿಯಿತು. ಮುಂದಿನ ಸೀಟಿನಲ್ಲಿ ಅತ್ತೆ ಇದ್ದರು. ಇನ್ಸ್‌ಪೆಕ್ಟರರು ಹಿಂದಿನ ಸೀಟಿನಲ್ಲಿ, ಮೀನಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಊಟದ ಡಬ್ಬಿ ಉರುಳದಂತೆ ಕಾಲಲ್ಲಿ ಒತ್ತಿಹಿಡಿದು ಕೂತಿದ್ದರು.