ಕವರ್ ಬಿಟ್ಟೆ, ಚೀಲ ಹಿಡಿದೆ!

ಇನ್ನು ಮೇಲೆ ನಮ್ಮ ಮನೆಯ ಹೊಸ್ತಿಲೊಳಗೆ ಒಂದೇ ಒಂದು ಪ್ಲಾಸ್ಟಿಕ್ ಕವರ್ ಕಾಲಿಟ್ಟರೂ ನನ್ನ ಹೆಸರು ವಿಶ್ವಾರಾಧ್ಯನೇ ಅಲ್ಲ! ಚೆನ್ನೈನ ಎಗ್ಮೋರಿನ ನಮ್ಮ ಫ್ಲಾಟಿನ ಹಾಲಿನಲ್ಲಿ ನಿಂತು ಹೀಗೆಂದು ಗುಡುಗಿದೆ. ಕೇಳಿಸಿಕೊಳ್ಳಲು ಇದ್ದವಳು ಹೆಂಡತಿ ಶಿಲ್ಪಶ್ರೀ ಒಬ್ಬಳೇ. ಅವಳೂ ಮಿಕ್ಸಿ ಹಾಕಿದ್ದಳು.

ಶಪಥವೆಂದರೆ ಶಪಥ! ಹಣ್ಣಿನಂಗಡಿಯವನು "ಕವರ್ ವೇಣುಮಾ ಸಾರ್?" ಎಂದರೆ "ವೇಂಡಾಂ, ಬೇಡ!" ಎಂದು ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದೆ. ಚೀಲ ಮರೆತ ದಿನ ಬದನೆಕಾಯಿಯನ್ನು ಹೆಲ್ಮೆಟ್ಟಿನಲ್ಲಿ ತುಂಬಿಕೊಂಡೆ. ತಲೆಗೆ ಹೆಲ್ಮೆಟ್ ಇಲ್ಲದ್ದರಿಂದ ಬೈಕನ್ನು ಮನೆಯ ತನಕ ತಳ್ಳಿದೆ.

ಚೀಲಗಳಿಗೇನೂ ಬರವಿರಲಿಲ್ಲ. ಚೆನ್ನೈಯಲ್ಲಿ ಯಾವ ಮದುವೆಗೆ ಹೋದರೂ ವಧೂವರರ ಹೆಸರು ಅಚ್ಚಾದ ಹಳದಿ ಬಟ್ಟೆ ಚೀಲದಲ್ಲಿ ತೆಂಗಿನಕಾಯಿ, ಎಲೆಯಡಿಕೆ ಹಾಕಿ ಕೈಗಿಡುತ್ತಾರೆ. ನಮ್ಮ ಮಂಚದ ಕೆಳಗೆ ಅವುಗಳ ರಾಶಿಯೇ ಇತ್ತು.

ಅಷ್ಟರಲ್ಲಿ ನನ್ನ ನಾದಿನಿ ತೇಜಶ್ರೀಗೆ ಎರಡನೇ ಸಂಬಂಧ ಕುದುರಿತು. ಮೊದಲ ಮದುವೆ ಮುರಿದ ಮೇಲೆ ನಗುವುದನ್ನೇ ಬಿಟ್ಟಿದ್ದ ಹುಡುಗಿ ಈಗ ಮತ್ತೆ ಕನ್ನಡಿಯ ಮುಂದೆ ನಿಲ್ಲುತ್ತಿದ್ದಳು. ವರ ಶಿವಕಿರಣ್, ಸೌಕಾರ್‌ಪೇಟೆಯ ಜವಳಿ ವ್ಯಾಪಾರಿ. ಅವನಿಗೂ ಇದು ಎರಡನೆಯದೇ. ಹಳೆಯ ಹೆಸರುಗಳನ್ನು ಯಾರೂ ಎತ್ತಬಾರದೆಂದು ಎರಡೂ ಕಡೆಯವರು ಮಾತಾಡಿಕೊಂಡಿದ್ದರು.

"ರೀ, ನಿಶ್ಚಿತಾರ್ಥದಲ್ಲಿ ಆ ಬದರಿನಾಥನ ಹೆಸರು ನಿಮ್ಮ ಬಾಯಲ್ಲಿ ಬಂದ್ರೆ ನೋಡಿ!" ಎಂದಳು ಶಿಲ್ಪ.

"ನನ್ನ ಬಾಯಿ ಬ್ಯಾಂಕ್ ಲಾಕರ್ ಕಣೇ!"

ಹೊರಡುವಾಗ ನೋಡುತ್ತೇನೆ, ಹಣ್ಣೆಲ್ಲ ಪ್ಲಾಸ್ಟಿಕ್ ಕವರಿನಲ್ಲಿದೆ!

"ಇವತ್ತೊಂದಿನ ಬಿಡ್ರೀ, ಆಟೋ ಕಾಯ್ತಿದೆ."

"ಶಪಥಕ್ಕೆ ರಜಾ ಇಲ್ಲ!"

ಮಂಚದ ಕೆಳಗೆ ಕೈಹಾಕಿ ಸಿಕ್ಕ ಚೀಲ ಎಳೆದೆ. ಮೇಲೆ ಕಳಶದ ಚಿತ್ರ. ಆಹಾ, ಎಂಥ ಶುಭ! ಹಿಂದುಗಡೆ ತಿರುಗಿಸಿ ನೋಡುವಷ್ಟು ಪುರುಸೊತ್ತು ಯಾರಿಗಿತ್ತು?

ಸೌಕಾರ್‌ಪೇಟೆಯಲ್ಲಿ, ತುಂಬಿದ ಜಮಖಾನದ ನಡುವೆ, ವರನ ಅಜ್ಜಿ ನಾಗಮಣಿಯವರ ಎದುರಿಗೆ ಚೀಲವಿಟ್ಟು ಸಣ್ಣದೊಂದು ಭಾಷಣ ಬಿಗಿದೆ. "ನೋಡೀಮ್ಮಾ, ಒಂದು ಸಲ ಬಳಸಿ ಬಿಸಾಡೋದು ನಮ್ಮ ಮನೆತನದಲ್ಲೇ ಇಲ್ಲ!"

ಚಪ್ಪಾಳೆ ಬರಲಿಲ್ಲ. ಶಿಲ್ಪಳ ಮುಖ ಸುಣ್ಣದಂತಾಗಿತ್ತು. ಕಳಶ ಇದ್ದದ್ದು ನನ್ನ ಕಡೆಗೆ. ಬೀಗರ ಕಡೆಗಿದ್ದದ್ದು, 'ತೇಜಶ್ರೀ - ಬದರಿನಾಥ, ಶುಭವಿವಾಹ'! ಯಾರೂ ಓದದೆ ತಪ್ಪಿಸಿಕೊಳ್ಳಬಾರದೆಂದು ತಮಿಳಿನಲ್ಲೂ ಅಚ್ಚು ಹಾಕಿಸಿದ್ದರು.

ತೇಜುವಿನ ಕಣ್ಣು ತುಂಬಿತು. ಈ ಹುಡುಗಿಯ ನಗುವನ್ನು ನಾನೇ ಕಿತ್ತುಕೊಂಡೆನಲ್ಲಾ! ಆದರೂ ಸೋಲೊಪ್ಪಲು ಮನಸ್ಸು ಬರಲಿಲ್ಲ.

"ಚೀಲದ್ದೇನೂ ತಪ್ಪಿಲ್ಲ! ಹೊಲಿಗೆ ನೋಡಿ, ಒಂದೆಳೆ ಬಿಚ್ಚಿಲ್ಲ!"

"ರೀ, ಬಾಯ್ಮುಚ್ಕೊಂಡು ಕೂತ್ಕೊಳ್ಳಿ!"

ಅಜ್ಜಿ ಎದ್ದು ಒಳಗೆ ಹೋದರು. ಮುಗಿಯಿತು ಎಂದುಕೊಂಡೆ. ತಾಂಬೂಲದ ಎಲೆಯಿದ್ದ ತಮ್ಮದೇ ಹಳದಿ ಚೀಲ ಹಿಡಿದು ಅವರು ಹೊರಬಂದರು. ಅದರ ಮೇಲೆ ಒಂದಕ್ಷರವೂ ಇಲ್ಲ. ಎಲೆಯನ್ನು ತಟ್ಟೆಗೆ ಸುರಿದು, ಒಳಗೆ ಕೈಹಾಕಿ ಚೀಲವನ್ನು ಮಗುಚಿದರು. 'ಶಿವಕಿರಣ್ - ಕೃತಿ, ಶುಭವಿವಾಹ'!

"ನಮ್ದೂ ಬಟ್ಟೆ ಚೀಲಾನೇ ಕಣಪ್ಪಾ. ಗಟ್ಟಿ ಬಟ್ಟೆ, ಯಾಕೆ ಬಿಸಾಡ್ಲಿ? ಆದ್ರೆ ನಾಲ್ಕು ಜನರ ಮುಂದೆ ತರೋವಾಗ ಒಳಮಗ್ಗುಲು ಹೊರಗೆ ಮಾಡ್ಕೋಬೇಕು."

ಮೊದಲು ಕಿಸಕ್ಕೆಂದವಳು ತೇಜು. ಆಮೇಲೆ ಶಿವಕಿರಣ್. ಆಮೇಲೆ ಇಡೀ ಜಮಖಾನ! ಶಾಸ್ತ್ರ ಸಾಂಗವಾಗಿ ನಡೆಯಿತು. ಸಂಬಂಧ ಕೂಡಿದ್ದೇ ನನ್ನ ಚೀಲದಿಂದ ಎಂದು ಆಟೋದಲ್ಲಿ ವಾದಿಸಿದೆ. ಶಿಲ್ಪ ಎಗ್ಮೋರ್ ಬರುವ ತನಕ ನನ್ನ ಕಡೆ ತಿರುಗಲಿಲ್ಲ.

ಮದುವೆಯ ದಿನ ತಾಂಬೂಲದ ಚೀಲ ಕೈಗೆ ಬಂತು. ಈ ಸಲ ಜಾಣನಾಗಿ ಎರಡೂ ಕಡೆ ತಿರುಗಿಸಿ ನೋಡಿದೆ. ಬರೀ ಹಳದಿ! ಒಳಗೂ ಇಣುಕಿದೆ. ಅಲ್ಲೂ ಏನಿಲ್ಲ.

"ಏನ್ ತೇಜು, ಹೆಸರು ಅಚ್ಚು ಹಾಕ್ಸೋದೇ ಮರೆತ್ರಾ?"

ಮದುಮಗಳು ಬಾಸಿಂಗ ಅಲ್ಲಾಡುವಂತೆ ನಕ್ಕಳು.

"ಮರೀಲಿಲ್ಲ ಭಾವ. ಒಂದು ಚೀಲ ನಿಮ್ಮನೆಗೂ ಬರುತ್ತಲ್ಲ!"